ಅಂಗೈ ಮೇಲಿನ ಅರವತ್ತಮೂರು ರುಚಿ

ನನ್ನನ್ನು ಜಗಳಗಂಟಿ ಎಂದು ನಮ್ಮ ಬಿಲ್ಡಿಂಗಿನವರು ಹೇಳುತ್ತಾರೆ, ಗಂಡನ ಕಡೆಯ ನೆಂಟರೂ ಹೇಳುತ್ತಾರೆ. ಹೇಳಲಿ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಇಷ್ಟು ವರ್ಷ ಮಕ್ಕಳ ಪುಸ್ತಕದಲ್ಲಿ ತಪ್ಪು ಹುಡುಕಿ ಕೆಂಪು ಗೆರೆ ಎಳೆದವಳಿಗೆ ಮನೆಗೆ ಬಂದ ಕೂಡಲೇ ಕಣ್ಣು ಮುಚ್ಚಿ ಕೂರಲು ಆಗುವುದಿಲ್ಲ. ಆ ಚಾಳಿ ಒಮ್ಮೆ ಭರ್ಜರಿಯಾಗಿ ಉಪಯೋಗಕ್ಕೆ ಬಂತು. ಅದನ್ನೇ ಬರೆಯುತ್ತಿದ್ದೇನೆ.

ನನ್ನ ಗಂಡ ಮುಂಬಯಿಯ ಗೋರೆಗಾಂವ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮುಖ್ಯ ಅಡುಗೆಯವರು. ಹೋಟೆಲಿನವರಿಗೆಲ್ಲ ‘ಭಟ್ರು’. ನಾನು ಎಂದೂ ಹೆಸರು ಹಿಡಿದು ಕರೆದವಳಲ್ಲ, ಇಲ್ಲಿಯೂ ‘ಇವರು’ ಎಂದೇ ಬರೆಯುತ್ತೇನೆ. ಮದುವೆಯಾಗಿ ಇಪ್ಪತ್ತೇಳು ವರ್ಷ. ಅಷ್ಟೂ ವರ್ಷ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹೋಗಿ ಒಲೆಯ ಮುಂದೆ ನಿಂತಿದ್ದಾರೆ. ಮೊಣಕಾಲೆತ್ತರದ, ಕುದಿಯುವ ಸಾಂಬಾರಿನ ಪಾತ್ರೆಯನ್ನು ಒಬ್ಬರೇ ಇಳಿಸುತ್ತಿದ್ದರು. ಬೇರೆಯವರು ಕೈ ಹಾಕಿದರೆ ಸಿಟ್ಟು. ಆ ಪಾತ್ರೆಗಳನ್ನು ಎತ್ತಿ ಎತ್ತಿಯೇ ಇರಬೇಕು, ಒಂದು ದಿನ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಾಣಿಸಿಕೊಂಡಿತು. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದರೆ ಹೊರಗೆ ಬರುತ್ತಿತ್ತು. ನನಗೆ ಹೇಳದೆ ಎಂಟು ತಿಂಗಳು ಅದರ ಮೇಲೆ ಹೆಗಲಿಗೆ ಹಾಕುವ ಬೈರಾಸು ಬಿಗಿದು ಕಟ್ಟಿಕೊಂಡು ಕೆಲಸ ಮಾಡಿದರು. ಬೈರಾಸು ಒಗೆಯುವವಳು ನಾನು, ಅದು ಯಾಕೆ ಹಗ್ಗದ ಹಾಗೆ ಮುರುಟಿದೆ ಎಂದು ಕೇಳಿದ ಮೇಲೆ ವಿಷಯ ಹೊರಬಿತ್ತು.

ಆಸ್ಪತ್ರೆಯಲ್ಲಿ ಹರ್ನಿಯಾ ಎಂದರು. ಸರ್ಜನ್ ಬೆಳಗಾವಿ ಕಡೆಯವರು, ಕನ್ನಡ ಕೇಳಿದ ಕೂಡಲೇ ಖುಷಿಯಾಗಿ ಹತ್ತಿರ ಕೂರಿಸಿಕೊಂಡರು. ಒಳಗಿನ ಕರುಳು ಆ ಸಂದಿಯಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ, ಆಪರೇಷನ್ ಮಾಡಿಸದೆ ಇನ್ನು ಒಂದು ಕೊಡಪಾನವನ್ನೂ ಎತ್ತುವಂತಿಲ್ಲ ಎಂದರು. ಆಮೇಲೆ ರಕ್ತದ ರಿಪೋರ್ಟ್ ನೋಡಿ ಕನ್ನಡಕ ತೆಗೆದರು.

“ಭಟ್ರ, ಒಂದ್ ಮಾತ್ ಹೇಳ್ತೀನಿ ಕೇಳ್ರಿ. ಒಳಗ ಒಂದು ಬಲೆಯಂಥಾ ಜಾಳಿಗಿ ಕೂಡಸಬೇಕು. ಶುಗರ್ ಹಿಂಗ ಇದ್ರ ಅದರಾಗ ಕೀವು ತುಂಬ್ತದ. ಕೀವಾತಂದ್ರ ಜಾಳಿಗಿ ಕಿತ್ತು ತಗೀಬೇಕು, ಮತ್ತ ಕೊಯ್ಯಬೇಕು. ಮೊದಲ ಶುಗರ್ ಇಳಿಸ್ಕೊಂಡ್ ಬರ್ರಿ.”

ಸಕ್ಕರೆ ಕಾಯಿಲೆ ಇವರಿಗೆ ಹನ್ನೊಂದು ವರ್ಷದಿಂದ ಇತ್ತು. ಮಾತ್ರೆ ನುಂಗುತ್ತಿದ್ದರು, ಮನೆಯಲ್ಲಿ ಸಿಹಿ ಮುಟ್ಟುತ್ತಿರಲಿಲ್ಲ, ಅಲ್ಲಿಗೆ ಮುಗಿಯಿತು ಎಂದು ಇಬ್ಬರೂ ತಿಳಿದಿದ್ದೆವು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಒಂದು ಪರೀಕ್ಷೆ ಇದೆ. ಅದು ಎಂಟರ ಒಳಗೆ ಬಂದರೆ ಮಾತ್ರ ಕತ್ತರಿ ಹಿಡಿಯುತ್ತೇನೆ ಎಂದು ಸರ್ಜನ್ ಹೇಳಿದರು. ಇವರದ್ದು ಹತ್ತರ ಮೇಲಿತ್ತು.

ಮನೆಗೆ ಬರುವ ದಾರಿಯಲ್ಲಿ ಇವರು ರಿಕ್ಷಾದಲ್ಲಿ ಒಂದೇ ಮಾತು ಹೇಳಿದರು. “ಒಲೆ ಬಿಟ್ರೆ ನಾನು ಎಂತ ಮಾಡುದು ಮಾರಾಯ್ತಿ? ನನಗೆ ಬೇರೆ ಎಂತ ಬರ್ತದೆ?” ಜಗಳವಾಡುವ ಬಾಯಿ ನನ್ನದು, ಆಪರೇಷನ್ ಆಗುವ ತನಕ ಪಾತ್ರೆಗಳನ್ನು ಬೇರೆಯವರೇ ಇಳಿಸಬೇಕು ಎಂದು ಒಪ್ಪಿಸಿದ ಮೇಲೆಯೇ ಹೋಟೆಲಿಗೆ ಬಿಟ್ಟೆ.

ದಾದರಿನ ಒಬ್ಬ ಸಕ್ಕರೆ ಡಾಕ್ಟರಮ್ಮನ ಬಳಿ ಹೋದೆವು. ಮರಾಠಿ ಹೆಂಗಸು, ನನ್ನದೇ ವಯಸ್ಸು, ಮಾತಿನಲ್ಲಿ ನನ್ನಷ್ಟೇ ಖಡಕ್. ಇನ್ಸುಲಿನ್ ಬರೆದುಕೊಟ್ಟರು. ಮಲಗುವ ಮುಂಚೆ ಇಡೀ ದಿನ ನಿಧಾನವಾಗಿ ಕೆಲಸ ಮಾಡುವ ಒಂದು ಸೂಜಿ, ಪ್ರತಿ ಊಟ ತಿಂಡಿಗೆ ಮುಂಚೆ ಬೇಗ ಕೆಲಸ ಮಾಡುವ ಇನ್ನೊಂದು. ಕಾದ ಎಣ್ಣೆಗೆ ಬೆರಳ ತುದಿಯಿಂದ ವಡೆ ಬಿಡುವ ನನ್ನ ಗಂಡ ಕೂದಲೆಳೆಯಷ್ಟು ಸೂಜಿ ನೋಡಿ ಗೋಡೆಗೆ ಒರಗಿದರು. ಹಾಗಾಗಿ ಚುಚ್ಚುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಶಾಲೆ ಬೆಳಿಗ್ಗೆ ಏಳಕ್ಕೆ. ಆರೂವರೆಗೆ ಹೋಟೆಲಿನ ಹಿಂಬಾಗಿಲಿಗೆ ಹೋಗುತ್ತಿದ್ದೆ. ಇವರು ಉಗ್ರಾಣಕ್ಕೆ ಬಂದು ಅಕ್ಕಿ ಮೂಟೆಯ ಮೇಲೆ ಕೂತು ಅಂಗಿ ಎತ್ತಿ ಕಣ್ಣು ಮುಚ್ಚುತ್ತಿದ್ದರು. ಹೊಟ್ಟೆಗೆ ಚುಚ್ಚುತ್ತಿದ್ದೆ, ಕಟ್ಟಿ ತಂದ ಎರಡು ಚಪಾತಿ ಪಲ್ಯವನ್ನು ನನ್ನ ಕಣ್ಣೆದುರೇ ತಿನ್ನಿಸಿ ಶಾಲೆಗೆ ಓಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಬೆರಳು ಚುಚ್ಚಿ ಮೆಷಿನ್ನಿನಲ್ಲಿ ಸಕ್ಕರೆ ನೋಡುತ್ತಿದ್ದೆ. ಇನ್ನೂರ ಎಂಬತ್ತು, ಮುನ್ನೂರು. ಡಾಕ್ಟರಮ್ಮ ಇನ್ಸುಲಿನ್ನಿನ ಯೂನಿಟ್ ಏರಿಸಿದರು. ಮತ್ತೆ ಇನ್ನೂರ ಎಪ್ಪತ್ತು. ಮತ್ತೆ ಏರಿಸಿದರು. ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಎಳೆದು ಎಲ್ಲವನ್ನೂ ಬರೆದಿಡುತ್ತಿದ್ದೆ.

ಒತ್ತಾಯ ಮಾಡಿ ಸರ್ಜನ್ನರಿಂದ ಒಂದು ದಿನ ಗೊತ್ತು ಮಾಡಿಸಿಕೊಂಡೆವು. ಹಿಂದಿನ ದಿನ ಸಂಜೆ ನಾಲ್ಕಕ್ಕೆ ಆಸ್ಪತ್ರೆಗೆ ಸೇರಬೇಕಿತ್ತು. ಇವರು ಮೂರರ ತನಕ ಹೋಟೆಲಿನಲ್ಲಿದ್ದು, ಎಲ್ಲರಿಗೂ ಹೇಳಿ, ನೇರವಾಗಿ ಅಲ್ಲಿಗೇ ಬಂದರು. ಸೇರಿಸಿಕೊಳ್ಳುವಾಗ ನೋಡಿದ ಸಕ್ಕರೆ ಮುನ್ನೂರ ಹದಿನೆಂಟು. ಸರ್ಜನ್ ಬೈಯಲಿಲ್ಲ. “ಇಲ್ಲ ಭಟ್ರ, ಆಗಂಗಿಲ್ಲ” ಎಂದು ಚೀಟಿ ಹರಿದರು. ಹಾಸಿಗೆ ಬಟ್ಟೆ ಮಡಚಿ ಚೀಲದೊಳಗೆ ತುರುಕುವಾಗ ಅವಮಾನದಿಂದ ನನ್ನ ಕಿವಿ ಬಿಸಿಯಾಗಿತ್ತು.

ನನಗೆ ಖಾತ್ರಿಯಾಯಿತು. ಇವರು ಹೋಟೆಲಿನಲ್ಲಿ ಕದ್ದು ತಿನ್ನುತ್ತಿದ್ದಾರೆ. ಅಂಗಿಯ ಜೇಬು ತಡಕಿದೆ, ಲಾಡಿನ ಪುಡಿ ಸಿಗಲಿಲ್ಲ. ಬಾಯಿ ಮೂಸಿದೆ, ಏಲಕ್ಕಿ ವಾಸನೆ ಬಂತು. ಅದು ಇವರ ಮೈಯ ವಾಸನೆಯೇ ಆಗಿ ಎಷ್ಟೋ ಕಾಲವಾಗಿತ್ತು.

ಆಮೇಲೆ ಬಂದದ್ದು ಆ ಸೋಮವಾರ. ಸೋಮವಾರ ಇವರಿಗೆ ರಜೆ. ಬೆಳಿಗ್ಗೆ ಮನೆಯಲ್ಲೇ ಸೂಜಿ ಚುಚ್ಚಿ, ಎರಡು ಚಪಾತಿ ಕೊಟ್ಟು ಶಾಲೆಗೆ ಹೋದೆ. ಹನ್ನೆರಡೂವರೆಗೆ ಬಂದು ಬೆಲ್ ಒತ್ತಿದರೆ ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದೆ, ಬಡಿದೆ. ಕೊನೆಗೆ ಚಿಲಕ ಸರಿಯಿತು. ಇವರು ಗೋಡೆ ಹಿಡಿದು ನಿಂತಿದ್ದರು, ಬನಿಯನ್ ಒದ್ದೆ, ಮೇಲ್ತುಟಿಯ ಮೇಲೆ ಬೆವರಿನ ಸಾಲು, ಮಾತಾಡಿದರೆ ಉತ್ತರವಿಲ್ಲ. ಮೆಷಿನ್ ಐವತ್ತನಾಲ್ಕು ತೋರಿಸಿತು. ಎಪ್ಪತ್ತರ ಕೆಳಗೆ ಇಳಿದರೆ ಅಪಾಯ, ಕೂಡಲೇ ಸಕ್ಕರೆ ಕೊಡಿ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕುಡಿಸಿದೆ. ಕಾಲು ಗಂಟೆಯಾದ ಮೇಲೆ ಕಣ್ಣು ಸರಿಯಾಗಿ ಬಿಟ್ಟು “ಶಾಲೆ ಬೇಗ ಬಿಟ್ರಾ?” ಎಂದು ಕೇಳಿದರು. ನಾನು ಅಳಲು ಶುರು ಮಾಡಿದೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ, ಯೂನಿಟ್ ಇಳಿಸಿದರು. ಮಂಗಳವಾರ ಹೋಟೆಲಿಗೆ ಹೋದವರು ಮಧ್ಯಾಹ್ನ ಮುನ್ನೂರಕ್ಕೆ ಬಂದು ನಿಂತರು. ಮತ್ತೆ ಏರಿಸಿದರು. ಮುಂದಿನ ಸೋಮವಾರ ನಾನು ರಜೆ ಹಾಕಿ ಕಾವಲು ಕೂತೆ. ಹನ್ನೊಂದು ಗಂಟೆಗೇ ಅರವತ್ತೊಂದು. ಅದೇ ಸೂಜಿ, ಅದೇ ಎರಡು ಚಪಾತಿ. ನೋಟ್‌ಬುಕ್ ಹರಡಿಕೊಂಡು ಕೂತೆ. ಸೋಮವಾರ ಕೆಳಗೆ, ಉಳಿದ ಆರು ದಿನ ಮೇಲೆ. ಮೂರನೇ ಕ್ಲಾಸಿನ ಮಗುವಿಗೂ ಗೊತ್ತಾಗುವ ಹಾಗಿತ್ತು.

“ಹೋಟೆಲಿನಲ್ಲಿ ಎಂತ ತಿಂತೀರಿ ಹೇಳಿ” ಎಂದೆ.

“ಎಂತದ್ದೂ ಇಲ್ಲ.”

“ಸುಳ್ಳು.”

“ದೇವರಾಣೆ ಮಾರಾಯ್ತಿ! ನಾನು ಕದ್ದು ತಿಂತೇನೆ ಅಂತ ಹೇಳುದಾ ನೀನು? ಈ ಪ್ರಾಯದಲ್ಲಿ? ಬೇಕಾದ್ರೆ ಬಂದು ಕೂತು ನೋಡು. ಬೆಳಿಗ್ಗೆಯಿಂದ ನೋಡು. ಆಮೇಲೆ ಹೇಳು.”

ಬುಧವಾರ ಮತ್ತೊಂದು ರಜೆ ಹಾಕಿ ಇವರ ಜೊತೆಗೇ ಹೊರಟೆ. ಇಷ್ಟು ವರ್ಷದಲ್ಲಿ ಉಗ್ರಾಣ ದಾಟಿ ಆ ಅಡುಗೆಮನೆಯೊಳಗೆ ನಾನು ಕಾಲಿಟ್ಟಿರಲಿಲ್ಲ. ಇವರ ಕೈಕೆಳಗಿನ ಅಡುಗೆಯವರೊಬ್ಬರು, ಕುಂದಾಪುರದವರು, ಮಾತು ಕಡಿಮೆಯ ಮನುಷ್ಯ, ಒಂದು ಸ್ಟೂಲು ತಂದು ಬಾಗಿಲ ಬಳಿ ಇಟ್ಟರು. ನಾನು ತೊಡೆಯ ಮೇಲೆ ನೋಟ್‌ಬುಕ್ ಬಿಚ್ಚಿಕೊಂಡು ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯಂತೆ ಕೂತೆ.

ಇವರು ನಿಜಕ್ಕೂ ತಿನ್ನಲಿಲ್ಲ. ಮಾಡಿದ್ದು ಇಷ್ಟೇ. ಸಾಂಬಾರು ಕುದಿ ಬಂದಾಗ ಸೌಟಿನಿಂದ ಎಡ ಅಂಗೈಗೆ ಒಂದಿಷ್ಟು ಸುರಿದುಕೊಂಡು ನಾಲಗೆ ಹಚ್ಚಿದರು, ಚಪ್ಪರಿಸಿದರು, ಬೆಲ್ಲ ಹಾಕಿದರು. ಮತ್ತೆ ಅಂಗೈಗೆ, ಮತ್ತೆ ನಾಲಗೆಗೆ. ಹೆಗಲ ಬೈರಾಸಿಗೆ ಕೈ ಒರೆಸಿ ಚಟ್ನಿಯ ಕಡೆ ಹೋದರು. ಅಲ್ಲಿಂದ ಅನಾನಸ್ ಶೀರಾ. ತುಪ್ಪ ಬಿಡುವ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ. ಕಾಫಿ ಬೆರೆಸುವ ಕಟ್ಟೆಯವನು ಪ್ರತಿ ಸಲ ಹೊಸ ಡಿಕಾಕ್ಷನ್ ಇಳಿಸಿದಾಗಲೂ ಸಕ್ಕರೆ ಹಾಕಿದ ಕಾಫಿ ಒಂದು ಗುಟುಕು ತಂದು ಹಿಡಿಯುತ್ತಿದ್ದ, ಇವರು ಕುಡಿದು ತಲೆಯಾಡಿಸುತ್ತಿದ್ದರು. ನಾನು ಪ್ರತಿ ಅಂಗೈಗೂ, ಪ್ರತಿ ಗುಟುಕಿಗೂ ಆಯಾ ಪದಾರ್ಥದ ಹೆಸರಿನ ಮುಂದೆ ಒಂದು ಗೀಟು ಎಳೆದೆ. ನಾಲ್ಕು ಗೀಟಿನ ಮೇಲೆ ಒಂದು ಅಡ್ಡ ಗೀಟು. ಪುಟ ತುಂಬುತ್ತಾ ಬಂತು.

ಹನ್ನೊಂದು ಗಂಟೆಗೆ ತಿಂಡಿಯ ಗದ್ದಲ ಮುಗಿಯಿತು. ಇವರು ಗೆದ್ದ ಮುಖ ಹೊತ್ತು ನನ್ನ ಮುಂದೆ ಬಂದು ನಿಂತರು.

“ನೋಡಿದ್ಯಾ? ನಿನ್ನ ಎರಡು ಚಪಾತಿ ಬಿಟ್ರೆ ಒಂದು ಇಡ್ಲಿಯ ತುಂಡು ಬಾಯಿಗೆ ಹಾಕ್ಲಿಲ್ಲ.”

ನಾನು ಸ್ಟೂಲಿನಿಂದ ಎದ್ದೆ. ಒಂದು ಸ್ಟೀಲ್ ಡಬ್ಬಿ ಕೇಳಿ ತೆಗೆದುಕೊಂಡೆ. ಇವರ ಅಂಗೈಗೆ ಒಮ್ಮೆ ಸಾಂಬಾರು ಸುರಿಸಿ, ಅದು ಎಷ್ಟು ಚಮಚವೆಂದು ಅಳೆದೆ. ಆಮೇಲೆ ನೋಟ್‌ಬುಕ್ ಓದುತ್ತಾ ಹೋದೆ, ಕುಂದಾಪುರದವರು ಅಳೆದು ಸುರಿಯುತ್ತಾ ಹೋದರು. ಸಾಂಬಾರು ಹದಿನಾಲ್ಕು. ಚಟ್ನಿ ಒಂಬತ್ತು. ಶೀರಾ ಹನ್ನೆರಡು. ಪಾಯಸ ಎಂಟು. ಉಪ್ಪಿಟ್ಟು ಐದು. ಬಟಾಟೆ ಪಲ್ಯ ಐದು. ಕಾಫಿ ಚಹಾ ಹತ್ತು. ಒಟ್ಟು ಅರವತ್ತಮೂರು. ಡಬ್ಬಿ ಕಂಠದ ತನಕ ತುಂಬಿತು. ಕೆಂಪು, ಕೇಸರಿ, ಕಂದು ಎಲ್ಲ ಕಲಸಿದ ಒಂದು ರಾಡಿ. ಮೇಲೆ ತುಪ್ಪದ ಪದರ, ಅದರೊಳಗೆ ಒಂದು ದ್ರಾಕ್ಷಿ ತೇಲುತ್ತಿತ್ತು.

“ಇದೆಂತ ಅಸಹ್ಯ?” ಎಂದರು ಇವರು.

“ನಿಮ್ಮ ಬೆಳಿಗ್ಗೆಯ ತಿಂಡಿ. ಊಟದ ಹೊತ್ತಿನದ್ದು, ಸಂಜೆಯದ್ದು ಬೇರೆ ಉಂಟು.”

“ಅದು ರುಚಿ ನೋಡುದು ಮಾರಾಯ್ತಿ. ತಿನ್ನುದಲ್ಲ.”

ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು. ಡಬ್ಬಿಯನ್ನು ಕೈಯಲ್ಲಿ ಎತ್ತಿ ತೂಗಿ ನೋಡಿದರು. ಯಾವುದೇ ಪದಾರ್ಥವನ್ನು ಕೈಯಲ್ಲೇ ತೂಗಿ ಇಷ್ಟು ಎಂದು ಹೇಳುವವರು ಅವರು. “ಇಷ್ಟೂ ನಾನಾ?” ಎಂದರು. ಜಗಳಕ್ಕೆ ಎಂದು ಬಂದಿದ್ದ ನನಗೆ ಅವರ ಮುಖ ನೋಡಿ ಕನಿಕರವಾಯಿತು. ಅವರು ಹನ್ನೊಂದು ವರ್ಷದಿಂದ ಪ್ರಾಮಾಣಿಕವಾಗಿ ಪಥ್ಯ ಮಾಡಿದ್ದೇನೆ ಎಂದು ನಂಬಿದ್ದರು. ಅಡುಗೆಯವರಿಗೆ ಅಂಗೈ ಮೇಲೆ ಬಿದ್ದದ್ದು ಊಟವಲ್ಲ, ಕೆಲಸ. ಡಾಕ್ಟರು ಏನು ತಿನ್ನುತ್ತೀರಿ ಎಂದು ಕೇಳಿದಾಗ ಕೆಲಸದ ವಿಷಯ ಯಾರು ಹೇಳುತ್ತಾರೆ?

ಆ ಸಂಜೆಯೇ ಡಬ್ಬಿ ಸಮೇತ ಲೋಕಲ್ ರೈಲು ಹತ್ತಿ ದಾದರಿಗೆ ಹೋದೆವು. ಡಾಕ್ಟರಮ್ಮ ಮುಚ್ಚಳ ತೆಗೆದು ಒಮ್ಮೆ ಡಬ್ಬಿಯನ್ನು, ಒಮ್ಮೆ ನನ್ನ ಗೀಟಿನ ಪುಟವನ್ನು ನೋಡಿದರು. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಅವರು ಹಿಂದಿಯಲ್ಲಿ ಹೇಳಿದ್ದರ ಸಾರಾಂಶ ಇದು: ತಾನು ಇಷ್ಟು ದಿನ ಏರಿಸಿದ ಇನ್ಸುಲಿನ್ ಈ ಡಬ್ಬಿಯನ್ನು ಅರಗಿಸಲು ಖರ್ಚಾಗುತ್ತಿತ್ತು. ಆವತ್ತು ಆಸ್ಪತ್ರೆಯವರು ವಾಪಸ್ ಕಳಿಸದೆ ಸೇರಿಸಿಕೊಂಡು, ಇದೇ ಯೂನಿಟ್ ಚುಚ್ಚಿ, ಆಪರೇಷನ್ನಿಗೆಂದು ಉಪವಾಸ ಮಲಗಿಸಿದ್ದರೆ ಸಕ್ಕರೆ ನೆಲಕ್ಕೆ ಕುಸಿಯುತ್ತಿತ್ತು. ನಿದ್ದೆಯಲ್ಲಿರುವ ಮನುಷ್ಯನಿಗೆ ಅದು ಗೊತ್ತೂ ಆಗುವುದಿಲ್ಲ. ರುಚಿ ನೋಡುವುದನ್ನು ನಿಲ್ಲಿಸುವ ದಿನವೇ ಯೂನಿಟ್ಟನ್ನೂ ಇಳಿಸಬೇಕು, ಎರಡೂ ಒಟ್ಟಿಗೆ ಆಗಬೇಕು, ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಬೇಕು, ಮತ್ತು ಒಂದು ಅಂಗೈಯನ್ನೂ ಮುಚ್ಚಿಡಬಾರದು.

“ತಾಈ, ತುಮ್ಹಿ ಕಮಾಲ್ ಕೇಲಿ” ಎಂದು ಕೊನೆಗೆ ನನ್ನ ಭುಜ ತಟ್ಟಿದರು. ಅಕ್ಕ ಚಮತ್ಕಾರವನ್ನೇ ಮಾಡಿದಳಂತೆ. ನಾನು ಉಬ್ಬಿಹೋದೆ, ಸುಳ್ಳು ಯಾಕೆ ಹೇಳಲಿ.

ಆದರೆ ರುಚಿ ನೋಡದೆ ಅಡುಗೆ ಮಾಡುವುದು ಹೇಗೆ? ಕುಂದಾಪುರದವರು ನೋಡಲಿ ಎಂದೆ. ಇವರು ವಾಪಸ್ ಬರುವ ಲೋಕಲ್ಲಿನ ಗದ್ದಲದಲ್ಲೂ ಎಲ್ಲರೂ ತಿರುಗಿ ನೋಡುವ ಹಾಗೆ ಸಿಡಿದರು. “ಬೇರೆಯವರ ನಾಲಗೆಯಲ್ಲಿ ನಾನು ಅಡುಗೆ ಮಾಡುದಾ? ಅದಕ್ಕಿಂತ ಒಲೆ ಬಿಡುದು ಒಳ್ಳೇದು.” ಅಂಧೇರಿ ಬರುವ ತನಕ ಇಬ್ಬರೂ ಮುಖ ತಿರುಗಿಸಿ ನಿಂತೆವು. ಅಲ್ಲಿ ನನಗೆ ನೆನಪಾಯಿತು. ಇವರು ಮುಂಬಯಿಗೆ ಬರುವ ಮೊದಲು ಏಳು ವರ್ಷ ಊರಿನ ಒಂದು ದೇವಸ್ಥಾನದ ಅಡುಗೆಮನೆಯಲ್ಲಿ ಕೆಲಸ ಕಲಿತವರು. ನೈವೇದ್ಯವಾಗುವ ತನಕ ಅಲ್ಲಿ ಯಾರೂ ನಾಲಗೆಗೆ ಮುಟ್ಟಿಸುವಂತಿಲ್ಲ. ಸಾವಿರ ಜನರ ಅಡುಗೆ ಮೂಗಿನಲ್ಲೇ, ಕಣ್ಣಿನಲ್ಲೇ ಆಗಬೇಕು.

“ದೇವರಿಗೆ ರುಚಿ ನೋಡದೆ ಮಾಡಿದವರಿಗೆ ಗೋರೆಗಾಂವಿನ ಗಿರಾಕಿಗೆ ಮಾಡ್ಲಿಕ್ಕೆ ಆಗುದಿಲ್ವಾ?” ಎಂದೆ.

“ದೇವರು ಪ್ಲೇಟ್ ವಾಪಸ್ ಕಳಿಸುದಿಲ್ಲ ಮಾರಾಯ್ತಿ” ಎಂದರು. ಆದರೆ ಗೋರೆಗಾಂವಿನಲ್ಲಿ ಇಳಿಯುವಾಗ ಏನೋ ಯೋಚನೆಯಲ್ಲಿದ್ದರು.

ಮೊದಲ ದಿನವೇ ಒಂದು ಪ್ಲೇಟ್ ವಾಪಸ್ ಬಂತು. ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ. ಮನೆಗೆ ಬಂದವರು ಚಪ್ಪಲಿಯನ್ನು ಮೂಲೆಗೆ ಎಸೆದು, ನಾಳೆಯಿಂದ ರುಚಿ ನೋಡುತ್ತೇನೆ, ಕರುಳು ಹೊರಗೆ ಬಂದರೂ ಚಿಂತೆಯಿಲ್ಲ ಎಂದು ಕೂಗಾಡಿದರು. ನಾನೂ ಕೂಗಾಡಿದೆ. ಹತ್ತು ನಿಮಿಷ ಬಿಲ್ಡಿಂಗಿಗೆಲ್ಲ ಪುಕ್ಕಟೆ ಮನರಂಜನೆ. ಇಬ್ಬರಿಗೂ ಸುಸ್ತಾದ ಮೇಲೆ ಇವರು ತಮ್ಮಷ್ಟಕ್ಕೆ ಹೇಳಿಕೊಂಡರು, “ದೇವಸ್ಥಾನದಲ್ಲಿ ಉಪ್ಪು ಮೊದಲೇ ಅಳೆದು ಬಾಳೆಲೆಯ ತುಂಡಿನಲ್ಲಿ ಇಡ್ತಿದ್ದೆವು. ಎಲೆ ಖಾಲಿ ಆದ್ರೆ ಉಪ್ಪು ಬಿದ್ದಾಯ್ತು ಅಂತ ಲೆಕ್ಕ. ನನಗೆ ಮರ್ತೇ ಹೋಗಿತ್ತು.”

ಮರುದಿನದಿಂದ ಒಲೆಯ ಕಟ್ಟೆಯ ಮೇಲೆ ಸ್ಟೀಲ್ ಬಟ್ಟಲುಗಳ ಸಾಲು ಬಂತು. ಪ್ರತಿ ಪಾತ್ರೆಗೆ ಅದರ ಉಪ್ಪಿನ ಬಟ್ಟಲು, ಬೆಲ್ಲದ ಬಟ್ಟಲು. ಖಾಲಿಯಾದದ್ದನ್ನು ಬೋರಲು ಹಾಕುವುದು. ಇವರು ಹಬೆಯ ಮೇಲೆ ಬಗ್ಗಿ ಮೂಸುತ್ತಿದ್ದರು, ಸೌಟಿನಿಂದ ಎತ್ತಿ ಸುರಿದು ಮಂದ ನೋಡುತ್ತಿದ್ದರು. ಎಡಗೈಗೆ ಅಭ್ಯಾಸ ಬಿಡಲೊಲ್ಲದು, ಸೌಟು ಕಂಡ ಕೂಡಲೇ ಚಾಚಿಕೊಂಡು ಬರುತ್ತಿತ್ತಂತೆ. ಅದಕ್ಕೆ ಎಡ ಅಂಗೈಗೆ ಒಂದು ಬಟ್ಟೆ ಸುತ್ತಿಕೊಂಡು ನಿಂತರು. ಕಾಫಿಯವನಿಗೆ ಬಟ್ಟೆ ತೋರಿಸಿ ದೂರದಿಂದಲೇ ವಾಪಸ್ ಕಳಿಸುತ್ತಿದ್ದರು. ಮೊದಲ ವಾರ ಮೂರು ಸಲ ತಪ್ಪಿ ನೆಕ್ಕಿದರು. ಮೂರನ್ನೂ ನನಗೆ ಹೇಳಿದರು, ನಾನು ಬರೆದುಕೊಂಡೆ, ಬೈಯಲಿಲ್ಲ. ಯೂನಿಟ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಕೋಷ್ಟಕದಲ್ಲಿ ನೂರ ಎಂಬತ್ತು ಬಂತು, ನೂರ ಐವತ್ತು ಬಂತು. ಸೋಮವಾರಕ್ಕೂ ಮಂಗಳವಾರಕ್ಕೂ ವ್ಯತ್ಯಾಸವೇ ಇಲ್ಲವಾಯಿತು. ಮೂರು ತಿಂಗಳು ಕಳೆದು ಮಾಡಿಸಿದ ಪರೀಕ್ಷೆಯಲ್ಲಿ ಏಳೂವರೆ. ನಾನು ಆ ರಿಪೋರ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಶಹಭಾಸ್’ ಎಂದು ಬರೆದೆ. ಸರ್ಜನ್ ಅದನ್ನು ಓದಿ ಜೋರಾಗಿ ನಕ್ಕು ದಿನ ಗೊತ್ತು ಮಾಡಿದರು.

ಸಕ್ಕರೆಯವರನ್ನು ಬೆಳಿಗ್ಗೆ ಮೊದಲನೆಯವರಾಗಿ ಒಳಗೆ ಕರೆದುಕೊಳ್ಳುತ್ತಾರೆ, ಹೆಚ್ಚು ಹೊತ್ತು ಉಪವಾಸ ಇರಬಾರದೆಂದು. ಹಿಂದಿನ ದಿನದ ಸೂಜಿಯನ್ನು ಕಡಿಮೆ ಮಾಡಿದ್ದರು, ಬೆಳಿಗ್ಗೆಯದ್ದು ಬೇಡ ಎಂದಿದ್ದರು. ಆರು ಗಂಟೆಗೆ ನೂರ ಮೂವತ್ತೆಂಟು. ಎಂಟಕ್ಕೆ ಆಪರೇಷನ್. ಏಳೂವರೆಗೆ ಅಪಘಾತದ ಒಂದು ಕೇಸ್ ಬಂತು, ಜೀವ ಹೋಗುವ ಸ್ಥಿತಿ, ಅವರನ್ನು ಮೊದಲು ತೆಗೆದುಕೊಂಡರು. ನಾವು ಕಾಯಬೇಕಾಯಿತು. ಇವರ ಒಂದು ಕೈಗೆ ಗ್ಲೂಕೋಸ್ ಹಚ್ಚಿದರು, ಅದೇ ನಳಿಕೆಗೆ ಒಂದು ಪುಟ್ಟ ಪಂಪಿನಿಂದ ಇನ್ಸುಲಿನ್ ಹನಿಹನಿಯಾಗಿ ಸೇರುವ ಹಾಗೆ ಮಾಡಿದರು. ಸಕ್ಕರೆಯನ್ನೂ ಅವರೇ ಕೊಡುವುದು, ಅದನ್ನು ಇಳಿಸುವ ಮದ್ದನ್ನೂ ಅವರೇ ಕೊಡುವುದು, ಇದೇನು ಹುಚ್ಚು ಎಂದು ವಾರ್ಡಿನ ಸಿಸ್ಟರನ್ನು ಕೇಳಿದೆ. ಮರಾಠಿ ಹುಡುಗಿ, ತಾಳ್ಮೆಯಿಂದ ಹೇಳಿದಳು. ಊಟವಿಲ್ಲದಿದ್ದರೂ ಮೈಗೆ ಎರಡೂ ಬೇಕು, ಗಂಟೆಗೊಮ್ಮೆ ನೋಡಿ ಪಂಪನ್ನು ಹೆಚ್ಚು ಕಡಿಮೆ ಮಾಡುತ್ತೇವೆ. ಹಾಲು ಕಾಯಿಸುವಾಗ ಉರಿ ಏರಿಸಿ ಇಳಿಸಿದ ಹಾಗೆ ಎಂದು ಇವರಿಗೆ ವಿವರಿಸಿದೆ. ಇವರು ತಲೆಯಾಡಿಸಿದರು. ಹತ್ತು ಗಂಟೆಗೆ ನೋಡಿದಾಗ ನೂರ ಹನ್ನೆರಡು. ಮುಂದಿನದ್ದು ಹನ್ನೊಂದಕ್ಕೆ.

ಹತ್ತೂ ಮೂವತ್ತೈದಕ್ಕೆ ನಾನು ಇವರ ಮುಖ ನೋಡಿದೆ. ಏಸಿಯ ತಣ್ಣನೆ ಕೋಣೆ. ಮೇಲ್ತುಟಿಯ ಮೇಲೆ ಬೆವರಿನ ಸಾಲು ಇತ್ತು.

ಆ ಸಾಲನ್ನು ನಾನು ಬಾಗಿಲ ಚಿಲಕ ಸರಿದ ಆ ಸೋಮವಾರ ನೋಡಿದ್ದೆ. ಎದ್ದು ಬಾಗಿಲಿಗೆ ಬಂದು ನನ್ನ ಕ್ಲಾಸ್‌ರೂಮಿನ ಗಂಟಲಿನಲ್ಲಿ ಕೂಗಿದೆ. “ಸಿಸ್ಟರ್! ಅಭೀ ಚೆಕ್ ಕರೋ! ಅಭೀ!” ಇಡೀ ವಾರ್ಡು ತಿರುಗಿತು. ಹನ್ನೊಂದಾಗಲು ಇನ್ನೂ ಇಪ್ಪತ್ತೈದು ನಿಮಿಷ ಇದೆ ಎಂದು ಯಾರೋ ಹೇಳಿದರು. “ಗಡಿಯಾರಕ್ಕೆ ಸಕ್ಕರೆ ಕಾಯಿಲೆ ಉಂಟಾ?” ಎಂದು ಕನ್ನಡದಲ್ಲೇ ಗದರಿದೆ. ಆ ಹುಡುಗಿ ಮಾತ್ರ ಮರುಮಾತಾಡದೆ ಓಡಿ ಬಂದಳು. ಬೆರಳು ಚುಚ್ಚಿದಳು. ಅರವತ್ತೆಂಟು. ಪಂಪನ್ನು ಪಟ್ಟನೆ ನಿಲ್ಲಿಸಿ, ಡಾಕ್ಟರನ್ನು ಕರೆದು, ಗ್ಲೂಕೋಸಿನ ವೇಗ ಏರಿಸಿದಳು. ಇವರು ನನ್ನ ಕೈ ಹಿಡಿದಿದ್ದರು, ಹಿಡಿತದಲ್ಲಿ ಬಲವಿರಲಿಲ್ಲ.

“ಪುನಃ ಮನೆಗೆ ಕಳಿಸ್ತಾರಾ?” ಎಂದರು.

“ಕಳಿಸ್ಲಿ ನೋಡುವ” ಎಂದೆ.

ಕಾಲು ಗಂಟೆಯಲ್ಲಿ ತೊಂಬತ್ತಾರು. ಇನ್ನೊಂದು ಕಾಲು ಗಂಟೆಗೆ ನೂರ ಇಪ್ಪತ್ತನಾಲ್ಕು. ಹನ್ನೆರಡರ ತನಕ ಅಲ್ಲೇ ನಿಂತಿತು. ಅರಿವಳಿಕೆ ಕೊಡುವ ಡಾಕ್ಟರು ಬಂದು ಚಾರ್ಟನ್ನು ಮೇಲಿನಿಂದ ಕೆಳಗೆ ಓದಿದರು, ನನ್ನ ನೋಟ್‌ಬುಕ್ಕನ್ನೂ ಕೇಳಿ ಪಡೆದು ಪುಟ ತಿರುವಿದರು. ಅಷ್ಟರಲ್ಲಿ ಸರ್ಜನ್ ಹಸಿರು ಟೋಪಿ ಹಾಕಿಕೊಂಡೇ ಬಾಗಿಲಿಗೆ ಬಂದರು.

“ನಡೀರಿ ಭಟ್ರ. ಇವತ್ತ ನಿಮ್ಮನ್ನ ಬಿಡಂಗಿಲ್ಲ.”

ಸ್ಟ್ರೆಚರ್ ಹೋದ ಮೇಲೆ ಸಿಸ್ಟರ್ ನನ್ನ ಬಳಿ ಬಂದು ನಿಂತಳು. ಕೂಗಿದ್ದಕ್ಕೆ ಬೈಯುತ್ತಾಳೆ ಎಂದುಕೊಂಡೆ. “ಮಾವಶಿ, ಇನ್ನು ಮುಂದೆಯೂ ಹೀಗೇ ಕೂಗಿ” ಎಂದು, ಚಿಕ್ಕಮ್ಮನನ್ನು ಕರೆದ ಹಾಗೆ ಕರೆದು, ಹಿಂದಿಯಲ್ಲಿ ಹೇಳಿ ಒಂದು ಲೋಟ ಚಹಾ ತಂದುಕೊಟ್ಟಳು. ನನ್ನ ಜಗಳಗಂಟಿತನಕ್ಕೆ ಸಿಕ್ಕಿದ ಮೊದಲ ಬಹುಮಾನ ಅದು.

ಎರಡು ಗಂಟೆಗೆ ಹೊರಗೆ ತಂದರು. ಎಚ್ಚರವಾದ ಕೂಡಲೇ ಇವರು ನನ್ನ ಕ್ಷೇಮ ಕೇಳಲಿಲ್ಲ, “ಎಷ್ಟು?” ಎಂದರು. ನೂರ ನಲವತ್ತೊಂದು ಎಂದೆ. ಮತ್ತೆ ಕಣ್ಣು ಮುಚ್ಚಿದರು, ಬಾಯಿ ನಗುತ್ತಿತ್ತು. ಗಾಯ ಒಣಗಿತು, ಒಂದು ಹನಿ ಕೀವು ಕಾಣಲಿಲ್ಲ. ಹೊಲಿಗೆ ನೋಡಿದ ದಿನ ಸರ್ಜನ್ ನನ್ನನ್ನು ಕರೆದು ಜೂನಿಯರುಗಳಿಗೆ ತೋರಿಸಿ, “ಈ ಅಕ್ಕಾರು ಡಬ್ಬಿ ತುಂಬಿಸಿ ತೋರಸ್ಯಾರ, ಕೇಳ್ರಿ” ಎಂದು ಕಥೆ ಹೇಳಿಸಿದರು. ನಾನು ಬೋರ್ಡಿನ ಮುಂದೆ ನಿಂತ ಹಾಗೆ ನಿಂತು ಹಿಂದಿಯಲ್ಲಿ ಹೇಳಿದೆ. ಅರವತ್ತಮೂರು ಎಂದಾಗ ಎಲ್ಲರೂ ಬರೆದುಕೊಂಡರು.

ಎರಡು ತಿಂಗಳು ಭಾರ ಎತ್ತಬಾರದೆಂದಿದ್ದರು. ಅದು ಮುಗಿದ ದಿನ ಇವರು ಹೋಟೆಲಿಗೆ ಹೊರಟರು. ದೊಡ್ಡ ಪಾತ್ರೆ ಇಳಿಸಲು ಇನ್ನು ಮುಂದೆಯೂ ಇಬ್ಬರು ಬೇಕು ಎಂದು ಒಪ್ಪಿಸಿಯೇ ಕಳಿಸಿದೆ. ಶಾಲೆ ಬಿಟ್ಟ ಮೇಲೆ ನಾನೂ ಹೋದೆ. ಹಿಂಬಾಗಿಲಿನಿಂದ ಹೋಗಲಿಲ್ಲ. ಮುಂದಿನಿಂದ ಹೋಗಿ ಗಿರಾಕಿಯಂತೆ ಮೇಜಿಗೆ ಕ್ಯೂ ನಿಂತು, ಊಟ ಹೇಳಿದೆ. ತಪ್ಪು ಹುಡುಕಲೆಂದೇ ಹೋಗಿದ್ದೆ. ಸಾಂಬಾರಿನಲ್ಲಿ ಹುಡುಕಿದೆ, ಪಲ್ಯದಲ್ಲಿ ಹುಡುಕಿದೆ, ಪಾಯಸದಲ್ಲಿ ಹುಡುಕಿದೆ. ಎರಡು ತಿಂಗಳ ನಂತರ, ಒಂದು ತೊಟ್ಟೂ ನಾಲಗೆಗೆ ತಾಗಿಸದೆ ಮಾಡಿದ ಅಡುಗೆ. ಬೆರಳು ನೆಕ್ಕುವ ಹೊತ್ತಿಗೆ ನನ್ನ ಕಣ್ಣು ತುಂಬಿತ್ತು, ಪಕ್ಕದ ಗುಜರಾತಿ ಹೆಂಗಸು ಮೆಣಸು ಕಚ್ಚಿದಿರಾ ಎಂದು ನೀರು ಮುಂದೆ ಮಾಡಿದಳು.

ತಟ್ಟೆ ಎತ್ತಿಕೊಂಡು ನೇರ ಅಡುಗೆಮನೆಗೆ ಹೋದೆ. ಇವರು ತಟ್ಟೆ ಕಂಡದ್ದೇ ಸೌಟು ಕೆಳಗಿಟ್ಟರು. ಎಡಗೈಗೆ ಬಟ್ಟೆ ಸುತ್ತಿಯೇ ಇತ್ತು.

“ವಾಪಸ್ ಬಂತಾ?” ಎಂದರು. ಮುಖ ಸಣ್ಣದಾಗಿತ್ತು.

ತಟ್ಟೆಯನ್ನು ಅವರ ಮೂಗಿನ ಕೆಳಗೆ ಹಿಡಿದೆ. ಒಂದು ಅಗುಳೂ ಉಳಿದಿರಲಿಲ್ಲ.

“ಉಪ್ಪು?” ಎಂದರು.

ಇಪ್ಪತ್ತೇಳು ವರ್ಷ ಪ್ರತಿ ದಿನ ಅವರು ಕಟ್ಟಿ ತಂದ ಅಡುಗೆಗೆ ಏನಾದರೊಂದು ಕೊಂಕು ತೆಗೆದವಳು ನಾನು. ಕುಂದಾಪುರದವರೂ ಕಾಫಿಯವನೂ ಕೆಲಸ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಸರಿ ಉಂಟು” ಎಂದೆ. “ಎಲ್ಲವೂ ಸರಿ ಉಂಟು. ಇನ್ನು ನೀವು ಕೂತು ಅಂಗಿ ಎತ್ತಿ, ಸೂಜಿಯ ಹೊತ್ತಾಯ್ತು.”

ಅವರು ಉಗ್ರಾಣಕ್ಕೆ ಬಂದು ಅಕ್ಕಿ ಮೂಟೆಯ ಮೇಲೆ ಕೂತರು. ಆವತ್ತು ಕಣ್ಣು ಮುಚ್ಚಲಿಲ್ಲ.